ಹುತ್ತದೊಳಗಿನ ಅಣಬೆ ತೋಟ

ಅರಸೀಕೆರೆ ಕಡೆಯ ತೆಂಗಿನ ತೋಟದಲ್ಲಿ, ಬಿದ್ದು ಬಹಳ ದಿನವಾದ ಸೋಗೆಯೊಂದನ್ನು ಹುಡುಕೋಣ ಬಾ, ಮಗು. ಅದರ ಮೇಲೆ ತೆಳ್ಳಗೆ ಮಣ್ಣು ಮೆತ್ತಿದೆಯಲ್ಲ, ಕಡ್ಡಿಯಿಂದ ಮೆಲ್ಲಗೆ ಎಬ್ಬಿಸು. ಮಾಸಲು ಬಿಳಿ ಮೈಯ ಪುಟ್ಟ ಹುಳಗಳು ಗಡಿಬಿಡಿಯಲ್ಲಿ ಓಡುತ್ತವೆ. ಇವೇ ಗೆದ್ದಲು.

ನೋಡಿದರೆ ಇರುವೆ ಅನ್ನಿಸಬಹುದು. ಇರುವೆಗೆ ಸಣ್ಣ ಸೊಂಟವಿದೆ, ಗೆದ್ದಲಿಗೆ ಸೊಂಟವೇ ಇಲ್ಲ. ನಿಜಕ್ಕೂ ಇದು ಜಿರಳೆಯ ನೆಂಟ!

ಗುಂಪಿನಲ್ಲಿ ಕಂದು ಬಣ್ಣದ ದೊಡ್ಡ ತಲೆಯ ಒಂದೆರಡು ಹುಳ ಕಾಣುತ್ತವೆಯೇ? ಅವು ಕಾವಲಿನ ಸೈನಿಕರು. ಭೂತಗನ್ನಡಿ ಹಿಡಿದು ಬಾಯಿ ನೋಡು. ಎಡ ದವಡೆಯ ಒಳಬದಿಯಲ್ಲಿ ಒಂದೇ ಒಂದು ಚೂಪು ಹಲ್ಲಿದ್ದರೆ ಅದು ಒಡೊಂಟೊಟರ್ಮಿಸ್ ಬಳಗದ್ದು. ನಮ್ಮ ಬಯಲುಗಳಲ್ಲಿ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಒಬೇಸಸ್ ಈ ಬಳಗಕ್ಕೇ ಸೇರಿದ್ದು.

ಎಲ್ಲ ಗೆದ್ದಲೂ ಹುತ್ತ ಕಟ್ಟುವುದಿಲ್ಲ. ಹಿಮಾಲಯದಲ್ಲಿ ಒಂದು ಜಾತಿಯಿದೆ, ಉರುಳಿಬಿದ್ದ ಒದ್ದೆ ಮರದ ದಿಮ್ಮಿಯೇ ಅದಕ್ಕೆ ಮನೆ, ಅದೇ ಊಟ.

ನಮ್ಮ ಗೆದ್ದಲಿನ ಊಟದ ಕತೆ ಇನ್ನೂ ಸೊಗಸು. ಒಣ ಕಟ್ಟಿಗೆ ಸುಲಭಕ್ಕೆ ಜೀರ್ಣವಾಗದು. ಅಮ್ಮ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಹುದುಗಿ ಉಬ್ಬಿರುತ್ತದಲ್ಲ? ಕಣ್ಣಿಗೆ ಕಾಣದ ಜೀವಿಗಳು ರಾತ್ರಿಯೆಲ್ಲ ಅದರೊಳಗೆ ಕೆಲಸ ಮಾಡಿರುತ್ತವೆ. ಗೆದ್ದಲಿಗೂ ಅಂಥದೇ ಜೊತೆಗಾರರಿದ್ದಾರೆ. ಅರೆಬರೆ ಜೀರ್ಣವಾದ ಕಟ್ಟಿಗೆಯನ್ನು ಹಿಕ್ಕೆಯಾಗಿ ಹಾಕಿ, ಅದರಲ್ಲೇ ತೂತುತೂತಿನ ಗೂಡು ಕಟ್ಟಿ, ಮೇಲೆ ಅಣಬೆಯ ಬೂಷ್ಟು ಬೆಳೆಸುತ್ತವೆ. ಬೂಷ್ಟು ಕಟ್ಟಿಗೆಯನ್ನು ಮೆತ್ತಗೆ ಮಾಡಿದ ಮೇಲೆ ಎರಡನ್ನೂ ತಿನ್ನುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಈ ತೋಟದ್ದೇ.

ತೋಟದಲ್ಲಿ ಬೇರೆ ಬೂಷ್ಟು, ಅಂದರೆ ಕಳೆ, ಹುಟ್ಟಿದರೆ? ವಾಸನೆಯಿಂದಲೇ ಗುರುತಿಸಿ ಮಣ್ಣು ಮುಚ್ಚಿಬಿಡುತ್ತವೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಂಡುಕೊಂಡ ಈ ಸಂಗತಿ ನನಗಂತೂ ಬಹಳ ಇಷ್ಟ.

ಇಷ್ಟೊಂದು ಜೀವಗಳಿಗೆ ಒಳಗೆ ಗಾಳಿ ಬೇಡವೇ? 2015ರಲ್ಲಿ ವಿಜ್ಞಾನಿ ಎಲ್. ಮಹಾದೇವನ್ ಮತ್ತು ಸಂಗಡಿಗರು ಬೆಂಗಳೂರಿನ ಹುತ್ತಗಳನ್ನು ಅಳೆದು ಉತ್ತರ ಕೊಟ್ಟರು. ಹಗಲು ಹುತ್ತದ ಹೊರಅಂಚಿನ ಏಣುಗಳು ಬೇಗ ಬಿಸಿಯಾಗುತ್ತವೆ. ಅಲ್ಲಿನ ಗಾಳಿ ಮೇಲೇರುತ್ತದೆ, ನಡುವಿನದು ಕೆಳಗಿಳಿಯುತ್ತದೆ. ರಾತ್ರಿ ಏಣುಗಳು ಬೇಗ ತಣ್ಣಗಾಗಿ ಎಲ್ಲ ತಿರುಗುಮುರುಗು. ಹೀಗೆ ತಿರುಗಾಡುವ ಗಾಳಿ ಏಣುಗಳ ಸಣ್ಣ ರಂಧ್ರಗಳಲ್ಲಿ ಹಾದು ಹೊಸದಾಗುತ್ತದೆ.

ಬೇಲೂರಿನಿಂದ ಹಳೇಬೀಡಿಗೆ ಹೋಗುವಾಗ ಹೊಲದ ಬದುಗಳ ಮೇಲೆ ಕಣ್ಣಿಡು. ಹುತ್ತ ಸಿಕ್ಕರೆ ಏಣುಗಳನ್ನು ಎಣಿಸು, ಆದರೆ ದೂರದಿಂದ. ಹಾವು ಹುತ್ತ ಕಟ್ಟುವುದಿಲ್ಲ ನಿಜ, ಗೆದ್ದಲು ಕಟ್ಟಿದ್ದರಲ್ಲಿ ಬಂದು ಸೇರಿಕೊಂಡಿರಬಹುದು.