ಹೆಸರೊಂದು, ಬೇನೆಯೆರಡು

ಬೆಳಗಿನ ಹೊತ್ತು ಲಾಯದ ಆಳು ಕುದುರೆಯ ಮೈಯುಜ್ಜುತ್ತಿರುವಾಗ, ಮುಖದಿಂದಲೋ ಕಾಲಿನಿಂದಲೋ ಹೊಟ್ಟು ಉದುರಿ, ಹೊಟ್ಟಿನೊಡನೆ ಕೂದಲೂ ಬ್ರಷ್ಷಿಗೆ ಬಂದರೆ, ಆತ ಅದನ್ನು ಹುಳುಕಡ್ಡಿಯೆಂದು ಬಗೆಯುವುದು ಸಹಜವೇ. ಪ್ರಾಯಶಃ ಅದು ಹುಳುಕಡ್ಡಿಯೇ ಆಗಿರುತ್ತದೆ. ಆದರೆ ಅತಿ ವಿರಳವಾಗಿ, ಆ ಹೊಟ್ಟು ಮೈಯೆಲ್ಲ ಹಬ್ಬಿ, ಕುದುರೆ ದಿನದಿನಕ್ಕೆ ಸೊರಗಿ, ಮೈ ಬೆಚ್ಚಗಾಗಿ, ಏದುಸಿರು ಬಿಡತೊಡಗಿದರೆ, ಅಲ್ಲಿರುವುದು ಸಾರ್ಕಾಯ್ಡೋಸಿಸ್ ಆಗಿರಬಹುದು: ದೇಹವನ್ನು ಕಾಯಬೇಕಾದ ಜೀವಕೋಶಗಳೇ ಚರ್ಮದಲ್ಲಿ, ಶ್ವಾಸಕೋಶದಲ್ಲಿ, ಯಕೃತ್ತಿನಲ್ಲಿ, ಕಾಣುವ ಶತ್ರುವೊಂದೂ ಇಲ್ಲದಿದ್ದರೂ ಗುಂಪುಗೂಡಿ ಗಂಟು ಕಟ್ಟುವ ಉರಿಯೂತ.

ಈ ಹೆಸರು ಕುದುರೆಗೆ ಬಂದದ್ದು ಮನುಷ್ಯನಿಂದ. 1869ರಲ್ಲಿ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್‌ಸನ್, ಕಲ್ಲಿದ್ದಲು ಕಟ್ಟೆಯ ಕೂಲಿಯೊಬ್ಬನ ಕೈಕಾಲುಗಳಲ್ಲಿ ನೇರಳೆ ಬಣ್ಣದ ದಡ್ಡುಗಳನ್ನು ಕಂಡು ಬೆರಗಾದನು. ಮುಂದೆ 1898ರಲ್ಲಿ ಅಂತಹುದೇ ಇನ್ನೊಂದು ಬೇನೆಯನ್ನು ವರ್ಣಿಸುವಾಗ, ತನ್ನ ಹೆಸರನ್ನಿಡದೆ, ರೋಗಿಯಾಗಿದ್ದ ಮಾರ್ಟಿಮರ್ ಎಂಬಾಕೆಯ ಹೆಸರಿನಿಂದಲೇ ‘ಮಾರ್ಟಿಮರಳ ಬೇನೆ’ ಎಂದು ಕರೆದನು. ಸೌಜನ್ಯವೆನ್ನೋಣವೇ? ಆ ಮಹಿಳೆಯನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದಳೋ ಏನೋ! 1899ರಲ್ಲಿ ನಾರ್ವೆಯ ಸೀಸರ್ ಬೋಕ್, ಅಂತಹುದೇ ಬೇನೆಯಿದ್ದ ಪೊಲೀಸನೊಬ್ಬನ ಚರ್ಮದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಾರ್ಕೋಮಾ ಎಂಬ ಅರ್ಬುದವನ್ನು ಹೋಲುವ, ಆದರೆ ಅದರ ಕ್ರೌರ್ಯವಿಲ್ಲದ ಗಂಟೆಂದು ‘ಸಾರ್ಕಾಯ್ಡ್’ ಎಂದನು.

ಎಡವಟ್ಟಾದದ್ದು ಇಲ್ಲಿಂದ ಮುಂದೆ. 1936ರಲ್ಲಿ ದಕ್ಷಿಣ ಆಫ್ರಿಕದ ಜಾಕ್ಸನ್ ಎಂಬ ವಿದ್ವಾಂಸನು ಕುದುರೆಯ ಚರ್ಮದ ಗಡ್ಡೆಯೊಂದಕ್ಕೆ ಅದೇ ಹೆಸರನ್ನು ಕೊಟ್ಟನು. ಆ ಗಡ್ಡೆಗೂ ಮಾರ್ಟಿಮರಳ ಬೇನೆಗೂ ರಕ್ತಸಂಬಂಧವಿಲ್ಲ. ಅದು ದನಗಳಲ್ಲಿ ನರುಲಿಯೆಬ್ಬಿಸುವ ವೈರಸ್ಸಿನ ಕೆಲಸ, ಕುದುರೆಗಳಲ್ಲಿ ಬಹು ಸಾಮಾನ್ಯ, ಒಳಗಿನ ಅಂಗಗಳ ಗೊಡವೆಗೆ ಹೋಗದು. ಹೀಗಾಗಿ ಮಾರ್ಟಿಮರಳ ಬೇನೆಯ ನಿಜವಾದ ನೆಂಟನು ಕುದುರೆಯ ಮೈಯಲ್ಲಿ ಕಾಣಿಸಿಕೊಂಡಾಗ ಆ ಹೆಸರಿನ ಮನೆಯಲ್ಲಿ ಬೇರೊಬ್ಬನು ಬೀಡುಬಿಟ್ಟಿದ್ದನು. ‘ಓಸಿಸ್’ ಎಂಬ ಬಾಲವೊಂದೇ ಈಗ ಇಬ್ಬರನ್ನೂ ಬೇರ್ಪಡಿಸುತ್ತಿದೆ. ನಾನೂ ಬಹುಕಾಲ ಎರಡನ್ನೂ ಒಂದೇ ಎಂದು ತಿಳಿದಿದ್ದವನು.

ಕುದುರೆಯ ಸಾರ್ಕಾಯ್ಡೋಸಿಸ್ಸಿಗೆ ಕಾರಣವಿನ್ನೂ ಪತ್ತೆಯಾಗಿಲ್ಲ. ಒಂದೇ ಕಾಲಿಗೆ ಸೀಮಿತವಾದ ಬೇನೆ ಅಲ್ಲಿಗೇ ನಿಲ್ಲುವುದುಂಟು. ಮೈಯೆಲ್ಲ ಹಬ್ಬಿದ್ದಕ್ಕೆ ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಎಂಬ ಮದ್ದನ್ನು ತಿಂಗಳುಗಟ್ಟಲೆ ಕೊಟ್ಟು ಕಾಯಬೇಕು. ಆ ಅವಧಿಯಲ್ಲಿ ಲಾಯದ ಆಳು ಪ್ರತಿದಿನವೂ ಬ್ರಷ್ಷನ್ನು ಬೆಳಕಿಗೆ ಹಿಡಿದು, ಹೊಟ್ಟು ನಿನ್ನೆಗಿಂತ ಕಡಮೆಯೋ ಎಂದು ನೋಡುತ್ತಾನೆ.