ಹರಾಜಿನಲ್ಲಿ ಕೊಂಡ ಮಿಲಿಟರಿ ಲಾರಿ



ಬಿತ್ತನೆ, ಗೊಬ್ಬರ, ಔಷಧಿಗಳ ಮಾತು ನಾವು ಆಡುತ್ತಲೇ ಇರುತ್ತೇವೆ. ಇವತ್ತು ಬೇರೊಂದು ಮಾತು. ಬೆಳೆದದ್ದನ್ನು ಮಾರುಕಟ್ಟೆಗೆ ಸಾಗಿಸುವ ಮಾತು. ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರದ ಕಡೆ ಟೊಮೇಟೊ, ಬೀನ್ಸು, ಬಾಳೆ, ಅರಿಸಿನ, ಚೆಂಡುಹೂವು ಬೆಳೆಯುವವರಿಗೆ ಇದು ದಿನ ಬೆಳಗಾದರೆ ಎದುರಾಗುವ ಪ್ರಶ್ನೆ. ಬಿಡಿಸಿದ ಟೊಮೇಟೊ ಬಾಡಿಗೆ ಗಾಡಿಗೆ ಕಾಯುತ್ತಾ ಕೂರುವುದಿಲ್ಲ. ಬಾಡಿಗೆಯವನು ಹೇಳಿದ್ದೇ ದರ. ಆದ್ದರಿಂದ, ನಾವೇ ಒಂದು ಲಾರಿ ಕೊಂಡರೆ ಹೇಗೆ ಅಂತ ನಾಲ್ಕು ಮನೆಯವರು ಕೂತು ಯೋಚನೆ ಮಾಡುವುದು ಸಹಜ. ಹೊಸದಕ್ಕೆ ದುಡ್ಡು ಸಾಲದು. ಆಗ ಯಾರಾದರೂ ಒಬ್ಬರು ಹೇಳುತ್ತಾರೆ: "ಮಿಲಿಟರಿಯವರು ಹಳೇ ಲಾರಿ ಹರಾಜು ಹಾಕ್ತಾರಂತೆ, ಸಸ್ತಾಕ್ಕೆ ಸಿಗ್ತದಂತೆ."

ಈ ಮಾತು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಷೆವರ್ಲೆ, ಫೋರ್ಡ್, ಡಾಡ್ಜ್ ಲಾರಿಗಳೂ ಜೀಪುಗಳೂ ಹರಾಜಿಗೆ ಬಂದವು. 'ಡಿಸ್ಪೋಸಲ್ ಲಾರಿ' ಎಂದು ಹೆಸರಾದ ಅವುಗಳ ಮೇಲೆ ಮರದ ಮೈ ಕಟ್ಟಿಸಿ ಬಸ್ಸು ಮಾಡಿಕೊಂಡವರಿದ್ದರು, ಸರಕು ಹೊರಿಸಿದವರಿದ್ದರು. ಮುಂದೆ ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಿಂದ ಜಬಲ್‌ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿಗಳೂ ಸೈನ್ಯದ ಸೇವೆ ಮುಗಿಸಿ ಇದೇ ದಾರಿ ಹಿಡಿದವು. ಈಗ ಇಂಥ ಹರಾಜು ಬಹುಮಟ್ಟಿಗೆ ಗಣಕಯಂತ್ರದ ಮೂಲಕ ನಡೆಯುತ್ತದೆ. 1964ರಲ್ಲಿ ಸ್ಥಾಪನೆಯಾದ ಎಂ.ಎಸ್.ಟಿ.ಸಿ. ಎಂಬ ಕೇಂದ್ರ ಸರಕಾರದ ಸಂಸ್ಥೆ ಈ ಹರಾಜುಗಳನ್ನು ನಡೆಸುತ್ತದೆ.

ಮೊದಲು ಒಂದು ಕೆಟ್ಟ ಉದಾಹರಣೆ ಹೇಳುತ್ತೇನೆ. ನಾನು ಕೆಲಸ ಮಾಡುವ ಸೀಮೆಯಲ್ಲೇ ಒಂದು ಹಳ್ಳಿಯ ಹುಣಸೆಮರದಡಿ ಒಂದು ಮಿಲಿಟರಿ ಲಾರಿ ನಿಂತಿದೆ. ಅದರಲ್ಲಿ ಈಗ ಕೋಳಿ ಮೊಟ್ಟೆ ಇಡುತ್ತವೆ. ಕೊಂಡವರು ಇಂಜಿನ್ ನೋಡಿದರು, ಟೈರು ನೋಡಿದರು, ಬೆಲೆ ನೋಡಿದರು. ಹರಾಜಿನ ಕಾಗದ ಮಾತ್ರ ಓದಲಿಲ್ಲ. ಗುಜರಿಯಾಗಿ ಮಾತ್ರ ಮಾರಾಟ ಎಂದು ಅದರಲ್ಲಿ ಬರೆದಿತ್ತು. ಗುಜರಿ ಎಂದು ಮಾರಿದ್ದನ್ನು ಎಷ್ಟು ರಿಪೇರಿ ಮಾಡಿದರೂ ರಸ್ತೆಗೆ ಇಳಿಸುವಂತಿಲ್ಲ. ಆ ಮನೆಯ ಅಜ್ಜಿ ನನಗೆ ಹೇಳಿದ್ದು ಇಷ್ಟೇ: "ಎರಡು ಎತ್ತು ಮಾರಿ ಒಂದು ಕೋಳಿಗೂಡು ತಂದ್ರು ಕನಪ್ಪ."

ಆದ್ದರಿಂದ ರಿಪೇರಿಯ ಮೊದಲನೆಯ ಹೆಜ್ಜೆ ಸ್ಪ್ಯಾನರ್ ಹಿಡಿಯುವುದಲ್ಲ, ಕಾಗದ ಹಿಡಿಯುವುದು. ಸೈನ್ಯದಿಂದ ಬಂದ ವಾಹನವನ್ನು ನಮ್ಮ ಹೆಸರಿಗೆ ನೋಂದಾಯಿಸಬೇಕಾದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮಾರಿದ ಅಧಿಕಾರಿಗಳು 21ನೆಯ ನಮೂನೆಯಲ್ಲಿ ಕೊಟ್ಟ ಮೂಲ ಮಾರಾಟ ಪತ್ರ ಬೇಕು. ಚಾಸಿಸ್ ನಂಬರು, ಇಂಜಿನ್ ನಂಬರು ಕಾಗದದಲ್ಲಿರುವಂತೆಯೇ ಲಾರಿಯ ಮೇಲೂ ಇರಬೇಕು. ತುಕ್ಕು ಹಿಡಿದಿದ್ದರೆ ತಂತಿ ಬ್ರಷ್ಷಿನಿಂದ ನಿಧಾನವಾಗಿ ಉಜ್ಜಿ ಓದಿ. ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ನವೀಕರಣಕ್ಕೆ 2023ರ ಏಪ್ರಿಲ್ 1ರಿಂದ ತಡೆ ಬಂದಿದೆ. ರಕ್ಷಣಾ ಕೆಲಸದ ಕೆಲವು ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಹೀಗಾಗಿ ಹರಾಜು ಕೂಗುವುದಕ್ಕೆ ಮುಂಚೆಯೇ ಹರಾಜಿನ ಪಟ್ಟಿ ತೆಗೆದುಕೊಂಡು ಸಾರಿಗೆ ಕಚೇರಿಗೆ ಹೋಗಿ, "ಇದನ್ನು ನೋಂದಾಯಿಸಿ ಕೊಡುತ್ತೀರಾ?" ಎಂದು ಕೇಳಿ. ಅಲ್ಲಿ 'ಇಲ್ಲ' ಅಂದರೆ, ಎಷ್ಟೇ ಸಸ್ತಾ ಆಗಲಿ, ಆ ಲಾರಿ ಬೇಡ.

ಇನ್ನು ಒಳ್ಳೆಯ ಉದಾಹರಣೆ. ತೆರಕಣಾಂಬಿ ಕಡೆಯ ನಾಲ್ಕು ಮನೆಯವರು ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಡೀಸೆಲ್ ಲಾರಿ ಕೊಂಡರು. ನಾಲ್ಕು ಚಕ್ರವೂ ಎಳೆಯುವ ಗಾಡಿ. ಒಂದು ಮನೆಯವರು ಒಡವೆ ಅಡವಿಟ್ಟಿದ್ದರು. ಕಾಗದ ಸರಿಯಾಗಿತ್ತು. ಇನ್ನೂ ನಂಬರು ಬಾರದ ಲಾರಿಯನ್ನು ಓಡಿಸಿಕೊಂಡು ಬರಬಾರದು ಎಂದು ಇನ್ನೊಂದು ಲಾರಿಯ ಮೇಲೆ ಹೇರಿಸಿ ತಂದರು. ರಿಪೇರಿಗೆ ಬಂದವರು ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ಊರವರೆಲ್ಲ ಅವರನ್ನು ಮೇಸ್ತ್ರಿ ಅನ್ನುತ್ತಾರೆ. ನಾನು ಡಿಪ್ಲೊಮಾ ಓದಿದವನು ನಿಜ. ಆದರೆ ಈಗ ನಿಮಗೆ ಹೇಳಲಿರುವ ಬಹುಪಾಲು ಸಂಗತಿ ನಾನು ಕಲಿತದ್ದು ಅವರ ಪಕ್ಕದಲ್ಲಿ ದೀಪ ಹಿಡಿದು ನಿಂತಾಗಲೇ.

ಬಂದ ದಿನವೇ ಹುಡುಗರು ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಲು ಹೊರಟರು. ಮೇಸ್ತ್ರಿ ತಡೆದರು. "ವರ್ಷಗಟ್ಟಲೆ ಮಲಗಿದ್ದವನನ್ನ ಎಬ್ಬಿಸಿದ ತಕ್ಷಣ ಓಡು ಅಂದ್ರೆ ಬಿದ್ದು ಹೋಗ್ತಾನಪ್ಪ" ಅಂದರು. ಮೊದಲು ಆಯಿಲ್ ಕಡ್ಡಿ ಎಳೆದು ನೋಡಿದರು. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದು ಅರ್ಥ. ಅದು ದೊಡ್ಡ ಖರ್ಚಿನ ಮುನ್ಸೂಚನೆ. ಇದನ್ನು ಹರಾಜಿಗೆ ಮುಂಚೆ ಲಾರಿ ನೋಡಲು ಬಿಡುವ ದಿನವೇ ಪರೀಕ್ಷಿಸಬೇಕು. ಇಲ್ಲಿ ಎಣ್ಣೆ ಕಪ್ಪಗಿತ್ತು, ನೀರಿರಲಿಲ್ಲ. ಅದನ್ನು ಪೂರ್ತಿ ಸುರಿದು, ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿದರು. ಇಂಜೆಕ್ಟರುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದೆರಡು ಚಮಚ ಎಣ್ಣೆ ಬಿಟ್ಟು, ರಾತ್ರಿ ಹಾಗೇ ನೆನೆಯಲು ಬಿಟ್ಟರು. ಬೆಳಿಗ್ಗೆ ಇಂಜಿನ್ನನ್ನು ಕೈಯಿಂದಲೇ ಸುತ್ತಿಸಿದರು. ಕೈಗೆ ಸುತ್ತಿದರೆ ಒಳಗೆ ಕಚ್ಚಿಕೊಂಡಿಲ್ಲ ಎಂದು ಧೈರ್ಯ.

ಆಮೇಲೆ ಡೀಸೆಲ್ ಟ್ಯಾಂಕು. ಹಳೆಯ ಡೀಸೆಲ್ಲಿನ ತಳದಲ್ಲಿ ನೀರು, ತುಕ್ಕು, ಅಂಟು ಕೂತಿರುತ್ತದೆ. ಟ್ಯಾಂಕು ಇಳಿಸಿ ತೊಳೆಯದೆ ಹೊಸ ಡೀಸೆಲ್ ಹಾಕಿದರೆ ಆ ಕಸವೆಲ್ಲ ಪಂಪಿನ ಕಡೆಗೆ ಹೋಗುತ್ತದೆ, ಪಂಪು ಕೆಟ್ಟರೆ ಒಂದು ಬೆಳೆಯ ಲಾಭ ಹೋಯಿತು ಅಂತ ತಿಳಿಯಿರಿ. ಫಿಲ್ಟರ್ ಬದಲಾಯಿಸಿದ ಮೇಲೆ ಕೊಳವೆಯಲ್ಲಿ ಸೇರಿದ ಗಾಳಿ ತೆಗೆಯಬೇಕು. ಫಿಲ್ಟರಿನ ಮೇಲಿನ ಗಾಳಿ ತಿರುಪು ಸಡಿಲಿಸಿ, ಕೈಪಂಪು ಒತ್ತುತ್ತಾ ಹೋದರೆ ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ತಿರುಪು ಬಿಗಿ ಮಾಡಿ, ಪಂಪಿನ ಹತ್ತಿರವೂ ಹಾಗೆಯೇ ಮಾಡಬೇಕು. ನಿಮ್ಮ ಟ್ರಾಕ್ಟರಿನಲ್ಲೂ ಇದೇ ಕ್ರಮ.

ಬ್ಯಾಟರಿ ವಿಷಯದಲ್ಲಿ ಎಚ್ಚರ. ಸೈನ್ಯದ ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ; 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿರುತ್ತಾರೆ. ಇದು ತಿಳಿಯದೆ 12 ವೋಲ್ಟಿನ ಬಲ್ಬು ಹಾಕಿದರೆ ಹಾಕಿದ ಗಳಿಗೆಯಲ್ಲೇ ಸುಟ್ಟುಹೋಗುತ್ತದೆ.

ಮೊದಲ ಬಾರಿ ಸ್ಟಾರ್ಟ್ ಮಾಡುವಾಗ ಮೇಸ್ತ್ರಿ ಒಂದು ಚಪ್ಪಟೆ ಹಲಗೆಯನ್ನು ಕೈಯಲ್ಲಿ ಹಿಡಿದು ನಿಂತರು. ಯಾಕೆ ಅಂತ ಕೇಳಿದೆ. ಹಳೆಯ ಡೀಸೆಲ್ ಇಂಜಿನ್ ಒಮ್ಮೊಮ್ಮೆ ಹತೋಟಿ ತಪ್ಪಿ ವೇಗ ಏರಿಸಿಕೊಳ್ಳುತ್ತದೆ, ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ. ಆಗ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ಉಸಿರು ಕಟ್ಟಬೇಕು, ಕೈ ಮಾತ್ರ ಒಡ್ಡಬಾರದು ಅಂದರು. ಇಂಜಿನ್ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಓಡಿತು. ಎಲ್ಲರೂ ಚಪ್ಪಾಳೆ ಹೊಡೆದರು. ಮೇಸ್ತ್ರಿಯ ಕಣ್ಣು ಮಾತ್ರ ಎಣ್ಣೆ ಒತ್ತಡದ ಮುಳ್ಳಿನ ಮೇಲಿತ್ತು. ಮುಳ್ಳು ಕೂಡಲೇ ಮೇಲೇಳದಿದ್ದರೆ ಇಂಜಿನ್ ನಿಲ್ಲಿಸಿಬಿಡಬೇಕು.

ರೇಡಿಯೇಟರಿಗೆ ನೀರು ಹಾಕುವಾಗ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಬೇಡ. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ತಾಯಂದಿರೇ, ಅದೇ ಪೊರೆ ಇಂಜಿನ್ ಒಳಗೂ ಕಟ್ಟಿ ಕಾವು ಏರಿಸುತ್ತದೆ. ಶುದ್ಧೀಕರಿಸಿದ ನೀರಿಗೆ ಕೂಲೆಂಟ್ ಬೆರೆಸಿ ಹಾಕಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ.

ಈಗ ನನ್ನ ತಪ್ಪಿನ ಮಾತು. ಇಂಜಿನ್ ಓಡಿತು, ನೋಂದಣಿ ಆಯಿತು, ವಿಮೆಯೂ ಆಯಿತು. ಬ್ರೇಕು ಒತ್ತಿದರೆ ಹಿಡಿಯುತ್ತಿತ್ತು. ಆ ವಾರ ಟೊಮೇಟೊಗೆ ಒಳ್ಳೆಯ ರೇಟು. ಮನೆಯವರು ಅವಸರಪಟ್ಟರು. ನಾನೂ ಅವರ ಜೊತೆ ಸೇರಿ, "ತೆರಕಣಾಂಬಿಗೆ ತಾನೆ, ಸಮತಟ್ಟು ರಸ್ತೆ, ಒಂದು ಲೋಡು ಹೋಗಿಬರಲಿ" ಅಂದುಬಿಟ್ಟೆ. ಮೇಸ್ತ್ರಿ ಕೀಲಿ ಕೊಡಲಿಲ್ಲ. "ಸಾರ್, ಪೆಡಲ್ ಮೇಲೆ ಒಂದು ನಿಮಿಷ ಕಾಲಿಟ್ಟು ಕೂತ್ಕೊಳ್ಳಿ" ಅಂದರು. ಕೂತೆ. ಮೊದಲು ಗಟ್ಟಿಯಾಗಿದ್ದ ಪೆಡಲು ಕಾಲಡಿಯಲ್ಲಿ ಮೆಲ್ಲಮೆಲ್ಲನೆ ಕುಸಿಯುತ್ತಾ ಹೋಯಿತು. ಎಲ್ಲೋ ಸೋರುತ್ತಿದೆ ಎಂದು ಅರ್ಥ. ಹಿಂದಿನ ಡ್ರಮ್ಮು ಬಿಚ್ಚಿ ಸಿಲಿಂಡರಿನ ರಬ್ಬರು ತೆಗೆದು ನನ್ನ ಅಂಗೈ ಮೇಲೆ ಇಟ್ಟರು. ಬೆರಳಿನಿಂದ ಒತ್ತಿದರೆ ಒಣಗಿದ ಚಕ್ಕುಲಿಯ ಹಾಗೆ ಪುಡಿಯಾಯಿತು. ಆ ಲಾರಿ ಮೂರು ಟನ್ನು ಹೊತ್ತು ಸಂತೆಯ ಜನದ ನಡುವೆ ಹೋಗಿದ್ದರೆ? ಅಥವಾ ಮುಂದೊಂದು ದಿನ ವೈನಾಡು ದಾಟಿ, ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿಯುವಾಗ ಇದು ಒಡೆದಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ಬಹಳ ದಿನ ನಿಂತ ಲಾರಿಯ ಬ್ರೇಕನ್ನು, ಹಿಡಿಯಲಿ ಬಿಡಲಿ, ಪೂರ್ತಿ ಬಿಚ್ಚಿ ಹೊಸದು ಮಾಡಿ. ನಾಲ್ಕೂ ಚಕ್ರದ ರಬ್ಬರು, ಮಾಸ್ಟರ್ ಸಿಲಿಂಡರಿನ ರಬ್ಬರು, ಬಳ್ಳಿಯಂತಿರುವ ಹೋಸ್ ಪೈಪು ಎಲ್ಲ ಹೊಸದಾಗಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಳೆಯದನ್ನು ಚೆಲ್ಲಿ, ಮುಚ್ಚಿದ ಡಬ್ಬಿಯ ಹೊಸದನ್ನೇ ಹಾಕಿ. ಇಂಜಿನ್ ಆಯಿಲ್, ಸೀಮೆಎಣ್ಣೆ ಅದಕ್ಕೆ ಸೇರಿದರೆ ರಬ್ಬರು ಊದಿಕೊಂಡು ಬ್ರೇಕು ಹೋಗುತ್ತದೆ. ಹಳೆಯ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೇಡು. ಬಾಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕೊನೆಗೆ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ಎಡಗಡೆಯ ಹಿಂದಿನ ಚಕ್ರದಿಂದ, ಶುರುಮಾಡಿ. ಆ ದಿನ ಒಡವೆ ಅಡವಿಟ್ಟಿದ್ದ ಮನೆಯ ಸೊಸೆಯೇ ಮೇಲೆ ಕೂತು, "ಒತ್ತಿದೆ ಮಾವ, ಬಿಟ್ಟೆ ಮಾವ" ಅನ್ನುತ್ತಾ ಪೆಡಲ್ ತುಳಿದಳು. ಕೆಳಗೆ ಮೇಸ್ತ್ರಿ ತಿರುಪು ತೆರೆದು ಮುಚ್ಚಿದರು.

ಇನ್ನೊಂದು ಪ್ರಾಣದ ವಿಷಯ ಚಕ್ರ. ಸೈನ್ಯದ ಕೆಲವು ಗಾಡಿಗಳ ರಿಮ್ಮು ಎರಡು ಹೋಳು. ಬೋಲ್ಟು ಹಾಕಿ ಕೂಡಿಸಿರುತ್ತಾರೆ. ಕೆಲವಕ್ಕೆ ಬಿಗಿಯುವ ಬಳೆ ಇರುತ್ತದೆ. ಗಾಳಿ ತುಂಬಿರುವಾಗ ಆ ಬೋಲ್ಟು ಬಿಚ್ಚಿದರೆ ರಿಮ್ಮು ಗುಂಡಿನಂತೆ ಹಾರಿ ಆಳನ್ನು ಕೊಲ್ಲುತ್ತದೆ. ಮೊದಲು ವಾಲ್ವಿನ ಒಳಗಿನ ಪಿನ್ನು ತೆಗೆದು ಗಾಳಿ ಪೂರ್ತಿ ಹೋಗಿದೆ ಎಂದು ಖಚಿತ ಮಾಡಿಕೊಳ್ಳಿ. ಇದು ತಿಳಿದ ಟೈರು ಅಂಗಡಿಗೇ ಒಯ್ಯಿರಿ, ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಪಕ್ಕ ಬಿರುಕು ಬಿಟ್ಟ ಮುದಿ ಟೈರು ನಂಬಬೇಡಿ.

ಮುಂದಿನ ಚಕ್ರಕ್ಕೂ ಎಳೆತ ಕೊಡುವ ಸನ್ನೆಯನ್ನು ಕೆಸರು ಹೊಲದಲ್ಲಿ ಮಾತ್ರ ಬಳಸಿ. ಟಾರು ರಸ್ತೆಯಲ್ಲಿ ಹಾಕಿಕೊಂಡು ಓಡಿಸಿದರೆ ಗೇರುಗಳು ಬಿಗಿದುಕೊಂಡು ಸವೆಯುತ್ತವೆ. ಹಸಿರು ಬಣ್ಣ ಚೆನ್ನಾಗಿದೆ ಅಂತ ಹಾಗೇ ಬಿಡುವಂತಿಲ್ಲ. ಆ ಆಲಿವ್ ಹಸಿರು ಸೇನೆಗೆ ಮಾತ್ರ ಸಲ್ಲುವುದು ಎಂದು ನಿಯಮವಿದೆ, ಬೇರೆ ಬಣ್ಣ ಹೊಡೆಸಿ. ಮಿಲಿಟರಿ ಗಾಡಿ ಗಟ್ಟಿ ಅಂತ ಆರ್.ಸಿ.ಯಲ್ಲಿ ಬರೆದ ತೂಕಕ್ಕಿಂತ ಹೆಚ್ಚು ಹೇರಬೇಡಿ. ಮಾದಪ್ಪನ ಜಾತ್ರೆಗೆ, ಮದುವೆ ದಿಬ್ಬಣಕ್ಕೆ ಅಂತ ಅದರಲ್ಲಿ ಜನ ತುಂಬಬೇಡಿ. ಕೇರಳಕ್ಕೆ ಹೋಗುವವರು ನೆನಪಿಡಿ: ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿಷೇಧವಿದೆ. ಹೊತ್ತು ನೋಡಿಕೊಂಡೇ ಲೋಡು ಕಟ್ಟಿ.

ಲೆಕ್ಕದ ಮಾತೊಂದು ಉಳಿಯಿತು. ಆ ನಾಲ್ಕು ಮನೆಯವರಿಗೆ ರಿಪೇರಿ, ಟೈರು, ಬ್ಯಾಟರಿ, ನೋಂದಣಿ ಎಲ್ಲ ಸೇರಿ ಹರಾಜಿಗೆ ಕೊಟ್ಟಷ್ಟೇ ಹಣ ಮತ್ತೆ ಬಿತ್ತು. ಅವರು ಅರ್ಧ ಹಣವನ್ನು ಮೊದಲೇ ತೆಗೆದಿರಿಸಿದ್ದರಿಂದ ಕೆಲಸ ನಡುವೆ ನಿಲ್ಲಲಿಲ್ಲ. ಕೈಯಲ್ಲಿರುವುದೆಲ್ಲ ಹರಾಜಿಗೇ ಸುರಿದವರ ಲಾರಿ ಮರದಡಿ ನಿಲ್ಲುತ್ತದೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಬಲ್ಲವರು ಯಾರಿದ್ದಾರೆ ಎನ್ನುವುದೂ ಕೊಳ್ಳುವ ಮೊದಲೇ ತಿಳಿದಿರಲಿ. ಈ ಮೂರಕ್ಕೆ ಉತ್ತರವಿಲ್ಲದವರಿಗೆ ಬಾಡಿಗೆ ಗಾಡಿಯೇ ವಾಸಿ.

ಬ್ರೇಕು ಸರಿಯಾಗಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಟೊಮೇಟೊ ರೇಟು ಇಳಿದಿತ್ತು. ಯಾರೂ ಮೇಸ್ತ್ರಿಯನ್ನು ದೂರಲಿಲ್ಲ. ಆ ಪುಡಿಯಾದ ರಬ್ಬರನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಮೊದಲ ಲೋಡು ಹೊರಟ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಮೇಸ್ತ್ರಿ ಕೈಮುಗಿದರು; ಆಮೇಲೆ ಬಗ್ಗಿ, ನಾಲ್ಕು ಚಕ್ರದ ನಟ್ಟನ್ನೂ ಇನ್ನೊಮ್ಮೆ ಬಿಗಿ ಮಾಡಿ ನೋಡಿದರು. ನೀವೂ ಪೂಜೆ ಮಾಡಿ, ನಟ್ಟನ್ನೂ ನೋಡಿ.

ಎಲ್ಲರಿಗೂ ಒಳ್ಳೆಯ ಬೆಳೆ, ಒಳ್ಳೆಯ ಬೆಲೆ ಸಿಗಲಿ.