ಮಾತು ಬಾರದ ಮಗು, ಊರಿನ ಮಾತು

(ಉಪನ್ಯಾಸದ ಬರಹ ರೂಪ)

ಪಾವಗಡ ಸೀಮೆಯ ಕ್ಯಾತಗಾನಚೆರ್ಲುವಿನಂಥ ಊರಿನಲ್ಲಿ ಮೂರು ವರ್ಷದ ಗಂಡುಮಗುವೊಂದು ಇನ್ನೂ ಮಾತಾಡುತ್ತಿಲ್ಲ ಎಂದುಕೊಳ್ಳೋಣ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ದೂರದಲ್ಲಿ ಬಸ್ಸಿನ ಹಾರನ್ ಕೇಳಿದರೆ ಮಾತ್ರ ಓಡುತ್ತದೆ. ಕಡಲೆಕಾಯಿ ಸಿಪ್ಪೆಗಳನ್ನು ಸಾಲಾಗಿ ಜೋಡಿಸುತ್ತ ಗಂಟೆಗಟ್ಟಲೆ ಕೂರುತ್ತದೆ, ಸಾಲು ಕೆಡಿಸಿದರೆ ಕಿರುಚುತ್ತದೆ. ಮನೆಯವರು ಏನು ಮಾಡುತ್ತಾರೆ? "ಇವರಪ್ಪನೂ ಹೀಗೇ, ನಾಲ್ಕು ತುಂಬಿದ ಮೇಲೆ ಬಾಯಿ ಬಿಟ್ಟಿದ್ದು" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ. ದೃಷ್ಟಿ ತೆಗೆಯುತ್ತಾರೆ. ಪಾವಗಡದ ಶನಿಮಹಾತ್ಮನಿಗೆ ಹರಕೆ ಹೊರುತ್ತಾರೆ. ಮನೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ, ಅದಕ್ಕೇ ಮಗುವಿಗೆ ಗಲಿಬಿಲಿ ಎಂದು ಓದಿದವರೊಬ್ಬರು ತೀರ್ಪು ಕೊಡುತ್ತಾರೆ. ಊರಿನ ಹೆಸರಿನ ಬಾಲದಲ್ಲೇ ತೆಲುಗಿನ 'ಚೆರುವು', ಅಂದರೆ ಕೆರೆ, ಕುಳಿತಿರುವ ಸೀಮೆ ಇದು. ಎರಡು ನುಡಿ ಇಲ್ಲಿನ ಮಕ್ಕಳಿಗೆ ತಲೆಮಾರುಗಳಿಂದಲೂ ಹೊರೆಯಾಗಿಲ್ಲ. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಆಟಿಸಂ ಬರುವುದಿಲ್ಲ ಎಂಬುದು ಸಂಶೋಧನೆಗಳಿಂದಲೂ ಸ್ಪಷ್ಟವಾಗಿದೆ.

ಆಟಿಸಂ ಎಂಬ ಸ್ಥಿತಿಯನ್ನು ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ನೋಡಿ ವಿವರಿಸಿದರು. ಕನ್ನಡದಲ್ಲಿ ಅದಕ್ಕೆ 'ಸ್ವಲೀನತೆ' ಎಂದು ಹೆಸರಿಟ್ಟಿದ್ದಾರೆ. ಪದವೇನೋ ಚೆನ್ನಾಗಿದೆ, ಆದರೆ ಧ್ಯಾನಕ್ಕೆ ಕುಳಿತವರ ನೆನಪು ತರುತ್ತದೆ. ಅಂಗನವಾಡಿ ಕಾರ್ಯಕರ್ತೆ ಆ ಪದ ಹೇಳಿದರೆ ತಾಯಿಗೆ ಏನೂ ಹೊಳೆಯಲಾರದು. ಅರಬ್ಬಿಯಲ್ಲಿ ಇದನ್ನು 'ತವಹ್ಹುದ್' ಎನ್ನುತ್ತಾರೆ. 'ವಾಹಿದ್', ಅಂದರೆ ಒಂದು, ಎಂಬ ಮಾತಿನ ಬಳಗದ್ದು, ಒಂಟಿತನದ ಅರ್ಥ ಕೊಡುವಂಥದು. ಎರಡು ಹೆಸರುಗಳೂ ಮಗು ತಾನಾಗಿಯೇ ದೂರ ಸರಿದಿದೆ ಎಂಬ ಭಾವ ಹುಟ್ಟಿಸುತ್ತವೆ. ಮಗು ದೂರ ಸರಿದದ್ದಲ್ಲ. ಅದರ ಮಿದುಳು ಬೆಳೆದ ಬಗೆಯೇ ಬೇರೆ.

ಅರಬ್ ನಾಡಿನ ಮಾತು ಇಲ್ಲಿ ಸುಮ್ಮನೆ ಬಂದಿಲ್ಲ. ಏಪ್ರಿಲ್ 2ನ್ನು ವಿಶ್ವ ಆಟಿಸಂ ಜಾಗೃತಿ ದಿನವೆಂದು ಆಚರಿಸಬೇಕೆಂಬ ಪ್ರಸ್ತಾಪವನ್ನು 2007ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟದ್ದು ಕತಾರ್. ಅಲ್ಲಿಯ ಸಮಾಜಕ್ಕೂ ನಮ್ಮದಕ್ಕೂ ಈ ವಿಷಯದಲ್ಲಿ ಹೋಲಿಕೆಗಳು ಹಲವು: ಕೆಟ್ಟ ಕಣ್ಣಿನ ಭಯ, ತುಂಬಿದ ಮನೆ, ಮನೆಯ ಗುಟ್ಟು ಹೊರಬಿದ್ದರೆ ಹೆಣ್ಣುಮಕ್ಕಳ ಸಂಬಂಧ ತಪ್ಪೀತೆಂಬ ಆತಂಕ, ಮತ್ತು ರಕ್ತಸಂಬಂಧದ ಮದುವೆ. ಈ ಕೊನೆಯದರಲ್ಲಿ ಒಂದು ಸ್ವಾರಸ್ಯವಿದೆ. ಅರಬರಲ್ಲಿ ತಂದೆಯ ಸಹೋದರನ ಮಗಳನ್ನು ಮದುವೆಯಾಗುವುದು ಹಳೆಯ ರೂಢಿ. ನಮ್ಮಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಂದರೆ ಅಣ್ಣ ತಂಗಿಯರು, ಆ ಮಾತೆತ್ತುವುದೇ ಪಾಪ. ಆದರೆ ಅಕ್ಕನ ಮಗಳು ನಮ್ಮಲ್ಲಿ ಹಕ್ಕಿನ ಹೆಣ್ಣು. ಇಸ್ಲಾಮಿನಲ್ಲಿ ಅದು ನಿಷಿದ್ಧ. ವಂಶವಾಹಿಗಳ ಲೆಕ್ಕದಲ್ಲಿ ನಮ್ಮ ರೂಢಿಯೇ ಹೆಚ್ಚು ಹತ್ತಿರದ್ದು: ಸೋದರಮಾವ ಸೊಸೆಯರ ನಡುವೆ ಸರಾಸರಿ ಕಾಲುಭಾಗ ಸಮಾನವಾದರೆ, ಅಣ್ಣತಮ್ಮಂದಿರ ಮಕ್ಕಳ ನಡುವೆ ಎಂಟನೇ ಒಂದು ಭಾಗ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ನಾಲ್ಕು ಮದುವೆಗಳಲ್ಲಿ ಒಂದರಷ್ಟು ರಕ್ತಸಂಬಂಧದೊಳಗಿನವೇ ಆಗಿದ್ದವು. ಪಶ್ಚಿಮ ಏಷ್ಯಾದ ಇಂಥ ಕುಟುಂಬಗಳನ್ನು ಅಭ್ಯಸಿಸಿ 2008ರಲ್ಲಿ ವಿಜ್ಞಾನಿಗಳು ಆಟಿಸಂಗೆ ನಂಟಿರುವ ಕೆಲವು ವಂಶವಾಹಿಗಳನ್ನು ಗುರುತಿಸಿದರು. ಹಾಗೆಂದು ಸೋದರಮಾವನ ಮದುವೆಯೇ ಕಾರಣ ಎನ್ನುವಂತಿಲ್ಲ. ಸಂಬಂಧವೇ ಇಲ್ಲದ ದಂಪತಿಗಳ ಮಕ್ಕಳಲ್ಲೂ, ರಕ್ತಸಂಬಂಧದ ಮದುವೆ ಬಲು ವಿರಳವಾದ ನಾಡುಗಳಲ್ಲೂ ಆಟಿಸಂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಆ ಲೆಕ್ಕ ಇಲ್ಲಿಗೂ ಹೊಂದುವುದಾದರೆ, ಎರಡು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಪಾವಗಡ ತಾಲ್ಲೂಕೊಂದರಲ್ಲೇ ಸಾವಿರದೈನೂರು ಮಂದಿ ಇರಬೇಕು. ಅವರು ಎಲ್ಲಿದ್ದಾರೆ? 'ಮೂಗ', 'ಮಂಕ', 'ಹಟಮಾರಿ' ಎಂಬ ಹೆಸರುಗಳಡಿ ಮನೆಗಳಲ್ಲೇ ಇದ್ದಾರೆ.

ತಪ್ಪು ಯಾರ ತಲೆಗೆ ಬೀಳುತ್ತದೆ ಎಂಬುದು ನಿಜಕ್ಕೂ ನೋವಿನ ಭಾಗ. ಬಸುರಿಯಲ್ಲಿ ಗ್ರಹಣ ನೋಡಿದಳು, ಸಂಜೆ ಹೊತ್ತು ಹುಣಸೆಮರದಡಿ ಹೋದಳು, ಕೂಲಿಗೆ ಹೋಗಿ ಮಗುವನ್ನು ಎತ್ತಿ ಆಡಿಸಲಿಲ್ಲ. ಎಲ್ಲವೂ ಸೊಸೆಯ ಖಾತೆಗೇ. ಇದನ್ನು ಹಳ್ಳಿಯ ಅಜ್ಞಾನ ಎಂದು ನಗುವವರು ಪಶ್ಚಿಮದ ಕತೆಯನ್ನೂ ಕೇಳಬೇಕು. ಮಗುವಿಗೆ ಹೀಗಾಗುವುದು ತಾಯಿಯ ತಣ್ಣನೆಯ ಎದೆಯಿಂದ ಎಂದು ಅಲ್ಲಿಯ ಪಂಡಿತರೇ ವರ್ಷಗಟ್ಟಲೆ ಸಾರಿದರು. ಅಂಥ ತಾಯಂದಿರಿಗೆ 'ರೆಫ್ರಿಜರೇಟರ್ ತಾಯಿ' ಎಂಬ ಹೆಸರೂ ಬಿತ್ತು. ಶಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಈ ವಾದಕ್ಕೆಂದೇ ದಪ್ಪನೆಯ ಪುಸ್ತಕ ಬರೆದರು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ 21 ಅವಳಿ ಜೋಡಿಗಳನ್ನು ಅಭ್ಯಸಿಸಿದಾಗ, ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ತಾಯಿಯ ಮೇಲಿನ ಆರೋಪ ಅಲ್ಲಿಂದ ಸಡಿಲವಾಯಿತು. ಗ್ರಹಣದ ಆರೋಪ ಇನ್ನೂ ಆಗಿಲ್ಲ.

ಸಂಸ್ಕೃತಿ ಆಟಿಸಂ ಹುಟ್ಟಿಸುವುದಿಲ್ಲ. ಅದು ಎಂದು ಕಣ್ಣಿಗೆ ಬೀಳುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಹತ್ತು ಕೈಗಳಿರುವ ಮನೆಯಲ್ಲಿ ಮಗು ಏನನ್ನೂ ಕೇಳಬೇಕಾಗಿಲ್ಲ. ದೊಡ್ಡವರ ಕೈಯನ್ನು ಎಳೆದುಕೊಂಡು ಹೋಗಿ ನೀರಿನ ಬಿಂದಿಗೆಯ ಮೇಲೆ ಇಟ್ಟರೆ ಸಾಕು, ಲೋಟ ಬರುತ್ತದೆ. ಕಣ್ಣಿಟ್ಟು ನೋಡದ ಮಗುವನ್ನು 'ಬಲು ವಿನಯ' ಎನ್ನುವವರೂ ಇದ್ದಾರೆ. ಅಮೆರಿಕದ ಸಂಶೋಧಕಿ ಟಮಾರಾ ಡೇಲಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದ ನಗರಗಳ ತಂದೆತಾಯಿಗಳಿಗೆ ಮೊದಲು ಕಾಣುವುದು ಮಗು ಜನರೊಡನೆ ಬೆರೆಯದಿರುವುದು. ಮಾತು ತಡವಾದರೆ, ಗಂಡುಮಕ್ಕಳು ಹಾಗೇ ಎಂಬ ಸಮಾಧಾನ ಇದ್ದೇ ಇದೆಯಲ್ಲ! ಅಳೆಯುವ ಕೋಲೂ ಹೊರಗಿನದೇ. ವಿದೇಶದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ಮಗು ಬೊಂಬೆಯ ಹುಟ್ಟುಹಬ್ಬ ಮಾಡುವ ಆಟ ಬರುತ್ತದೆ. ಕೇಕು ಈಗ ಹೋಬಳಿಯ ಬೇಕರಿಗೂ ಬಂದಿದೆ ನಿಜ, ಆದರೂ ಅದು ನಮ್ಮ ಮಗುವಿನ ಆಟವಲ್ಲ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ 40 ಅಂಶಗಳ ಭಾರತೀಯ ಮಾಪಕವೊಂದನ್ನು ರೂಪಿಸಿದ್ದು ಈ ಕೊರತೆಯಿಂದಲೇ.

ಕಾನೂನು ಕೂಡ ತಡವಾಗಿ ಕಣ್ಣು ಬಿಟ್ಟಿತು. 1995ರ ಅಂಗವಿಕಲರ ಕಾಯ್ದೆಯ ಏಳು ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಸ್ಥಾನ ಸಿಕ್ಕಿತು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಹೆಸರಾದವು. ಆದರೆ ಪಾವಗಡದಿಂದ ತುಮಕೂರಿಗೇ ನೂರು ಕಿಲೋಮೀಟರಿನಷ್ಟು ದಾರಿ. ವಾರಕ್ಕೆರಡು ದಿನ ಮಗುವನ್ನು ತರಬೇತಿಗೆ ಕರೆದೊಯ್ದರೆ ಎರಡು ದಿನದ ಕೂಲಿ ಹೋಯಿತು, ಬಸ್ಸಿನಲ್ಲಿ ಮಗು ಕಿರುಚಿದರೆ ನೋಡುವವರ ಕಣ್ಣುಗಳೂ ತಾಯಿಯ ಮೇಲೆಯೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಆ ದಿನ ಕಿವಿ ಸರಿಯಿದೆ ಎಂದ ಮಾತ್ರಕ್ಕೆ ಮಗುವನ್ನು ಮನೆಗೆ ಕಳುಹಿಸಬಾರದು. ನಮ್ಮ ಅಜ್ಜಿಯರ ಬಳಿ ಕೇಕಿಗಿಂತ ಒಳ್ಳೆಯ ಪರೀಕ್ಷೆಯೊಂದಿದೆ. ಕೈತುತ್ತು ಕೊಡುತ್ತ "ಚಂದಮಾಮ ಎಲ್ಲಿ?" ಎಂದು ಕೇಳಿದಾಗ, ಒಂದೂವರೆ ವರ್ಷದ ಮಗು ಸಾಮಾನ್ಯವಾಗಿ ಬೆರಳೆತ್ತಿ ಚಂದ್ರನನ್ನು ತೋರಿಸುತ್ತದೆ, ತೋರಿಸಿ, ನೀವೂ ನೋಡಿದಿರಾ ಎಂಬಂತೆ ತಿರುಗಿ ನಿಮ್ಮ ಮುಖ ನೋಡುತ್ತದೆ. ಹಾಗೆ ತೋರಿಸದ, ತಿರುಗಿ ನೋಡದ ಮಗುವನ್ನು ನಾಲ್ಕು ತುಂಬಲಿ ಎಂದು ಕಾಯದೆ ಮುಂದಿನ ವಾರವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹರಕೆಯನ್ನು ಬರುವ ದಾರಿಯಲ್ಲಿ ತೀರಿಸಿದರೂ ನಡೆದೀತು.